ನಿಲಂಗಾದ ಪಡಸಾಲೆಯಲ್ಲಿ ಬೇಕರಿ ಸೀರಿಯಲ್

“ಟೀವಿ ನೋಡ್ಲಿಕ್ಕೂ ಪಗಾರ ಕೊಡ್ತಾರೇನ್ರೀ?”

ನನ್ನ ಇಡೀ ನೌಕರಿಯಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಉದಗೀರದ ಕಾಯಿಪಲ್ಲೆ ಬಜಾರದಲ್ಲಿ ಕೇಳಿದ್ದಾರೆ, ಬೀದರ ಬಸ್ಸಿನಲ್ಲಿ ಕೇಳಿದ್ದಾರೆ, ನಮ್ಮ ಅತ್ತೆಯಂತೂ ತೀರಿಕೊಳ್ಳುವತನಕ ಕೇಳುತ್ತಲೇ ಇದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ “ಕೊಡ್ತಾರ್ರೀ, ನಿಮಗೂ ಬೇಕಾದ್ರ ಅರ್ಜಿ ಹಾಕ್ರಿ” ಎನ್ನುವುದನ್ನು ಕಲಿತೆ. ಈಗ ನಿವೃತ್ತಳಾಗಿದ್ದೇನೆ. ನಾನು ಬರೆಯುತ್ತಿದ್ದ ಟೀವಿ ಅಂಕಣಕ್ಕೆ ಈಗಷ್ಟೇ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಬಂದಿದ್ದಾಳೆ. ಮೊನ್ನೆ ಫೋನು ಮಾಡಿ, “ಮೇಡಂ, ಈ ಕೆಲಸಾ ಹೆಂಗ ಮಾಡಬೇಕು?” ಅಂದಳು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅನಿಸಿ ಬರೆಯಲು ಕುಳಿತೆ.

ಗಡಿಯಾಚೆ ಕಲಬುರಗಿಯಿಂದ ಹೊರಡುವ ಕನ್ನಡ ಪತ್ರಿಕೆಗೆ ನಾನು ಮಹಾರಾಷ್ಟ್ರದ ಉದಗೀರದಲ್ಲಿ ಕೂತು ಬರೆಯುತ್ತಿದ್ದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ. ಶುರುವಿನ ಕಾಲದಲ್ಲಿ ಸೀರಿಯಲ್ಲು ಒಂದೇ ಸಲ ಬರುತ್ತಿತ್ತು. ತಪ್ಪಿಸಿಕೊಂಡರೆ ಹೋಯಿತು. ನಮ್ಮಲ್ಲೋ ಲೋಡ್ ಶೆಡ್ಡಿಂಗ್. ಕಥೆಯ ಗಂಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಇನ್ವರ್ಟರ್ ಇದ್ದ ಡಾಕ್ಟರ ಮನೆಗೆ ನೋಟುಬುಕ್ಕು, ಪೆನ್ನು ಹಿಡಿದು ಓಡುತ್ತಿದ್ದೆ. ಅವರ ಮನೆಮಂದಿಯ ನಡುವೆ ಕೂತು ನೋಡುವಾಗ ಒಂದು ಸಂಗತಿ ತಿಳಿಯಿತು. ಜನ ಸುಮ್ಮನೆ ನೋಡುವುದಿಲ್ಲ. ಬೈಯುತ್ತಾರೆ, ನಡುವೆ ಎದ್ದುಹೋಗುತ್ತಾರೆ, ಒಲೆಯ ಮೇಲಿನ ಹಾಲು ಉಕ್ಕಿದರೂ ಏಳದೆ ಕೂಡುತ್ತಾರೆ. ನಾನು ಪರದೆಯನ್ನು ನೋಡಿದಷ್ಟೇ ಅವರ ಮುಖಗಳನ್ನೂ ನೋಡತೊಡಗಿದೆ. ನಂತರ ಸಿ.ಡಿ.ಗಳು ಬಂದವು, ಅವುಗಳ ಹಿಂದೆ ಮೊಬೈಲಿನಲ್ಲಿ ಲಿಂಕುಗಳು. ಒಬ್ಬಳೇ ಕೂತು, ಬೇಕಾದಲ್ಲಿ ನಿಲ್ಲಿಸಿ, ಮತ್ತೆ ಮತ್ತೆ ನೋಡುವ ಸೌಕರ್ಯ ಬಂತು. ಮುಖಗಳು ಮಾತ್ರ ಇಲ್ಲವಾದವು.

ಅನಾಹುತಗಳೂ ಆಗುತ್ತಿದ್ದವು. ಒಂದು ಮರಾಠಿ ಸೀರಿಯಲ್ಲಿನ ಕಥಾನಾಯಕನ ಪಾತ್ರ ಸಾಯುತ್ತದೆ ಎಂದು ನಾನು ಬರೆದು ಕಳಿಸಿದ್ದೆ. ಕಚೇರಿಯಲ್ಲಿ ತಲೆಬರಹ ಕೊಡುವವರು ‘ಪಾತ್ರ’ ಎನ್ನುವುದನ್ನು ಬಿಟ್ಟು ಆ ನಟನೇ ನಿಧನ ಅಂತ ದಪ್ಪಕ್ಷರದಲ್ಲಿ ಹಾಕಿಬಿಟ್ಟರು. ದೇವಣಿಯಲ್ಲಿ ಅವನ ಅಭಿಮಾನಿಗಳು ಚೌಕಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಬ್ಯಾನರು ಕಟ್ಟಿ ಹಾರ ಹಾಕಿದರು. ಅದೇ ಸಂಜೆ ಆತ ಬೇರೊಂದು ಚಾನೆಲ್ಲಿನಲ್ಲಿ ಬಂದು ಅಡುಗೆ ಎಣ್ಣೆ ಮಾರಿದ. ಬ್ಯಾನರು ಮಾತ್ರ ಬಿಸಿಲಿಗೆ ಬೆಳ್ಳಗಾಗುವತನಕ ಅಲ್ಲೇ ಇತ್ತು.

ನನ್ನ ಸಂಪಾದಕರು ಧನಶೆಟ್ಟಿ ಸರ್. ಭಾಷೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಸಹಿಸುತ್ತಿರಲಿಲ್ಲ, ಆದರೆ ಟೀವಿ ಪುರವಣಿಯ ಸಂಪಾದಕರಾಗಿದ್ದೂ ಟೀವಿಯನ್ನೇ ನೋಡುತ್ತಿರಲಿಲ್ಲ. ನಾನು ನೌಕರಿಗೆ ಸೇರಿದಾಗ ಅವರು ಹೇಳಿದ್ದು ಒಂದೇ ಮಾತು: “ಓದೋರು ಶಾಣ್ಯಾರದಾರ ಅಂತ ತಿಳಕೊಂಡು ಬರೀರಿ.” ಲಿಂಕುಗಳ ಕಾಲ ಬಂದಮೇಲೆ ಅವರ ಮಾತೂ ಬದಲಾಯಿತು. ಮೇಲಿನವರ ಒತ್ತಡವಿತ್ತು. “ಲಂಡನ್ ಪೇಪರಿನವರು ಏನು ಬರದಾರ, ಮುಂಬೈದವರು ಎಷ್ಟು ಸ್ಟಾರ್ ಕೊಟ್ಟಾರ, ಜರಾ ನೋಡಿ ಬರೀರಿ ಮೇಡಂ. ನಾವು ಒಬ್ಬರೇ ಬ್ಯಾರೆ ಹೇಳಿದ್ರ ಚೆಂದ ಕಾಣಂಗಿಲ್ಲ,” ಎನ್ನತೊಡಗಿದರು. ನಾನು ಮೊದಲು ಸೀರಿಯಲ್ ನೋಡಿ, ಬರೆದು, ಆಮೇಲೆ ಬೇರೆಯವರದನ್ನು ಓದುವವಳು. ಈ ವಿಷಯದಲ್ಲಿ ಅವರಿಗೂ ನನಗೂ ಸದಾ ಎಳೆದಾಟ.

ಈಗ ಬೇಕರಿ ಸೀರಿಯಲ್ಲಿನ ಮಾತು. ಅದೊಂದು ಬ್ರಿಟಿಷ್ ಕೌಟುಂಬಿಕ ಮಾಲಿಕೆ. ಅದರ ಇಂಗ್ಲಿಷ್ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಗೆಗೂ ಹೊರಳದೆ ‘ಬೇಕರಿ ಸೀರಿಯಲ್’ ಎಂದೇ ಉಳಿಯಿತು. ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರು. ಕೆಳಗೆ ಬೇಕರಿ, ಮೇಲೆ ಮನೆ. ಹೆಂಡತಿ ತೀರಿಕೊಂಡ ಮುದುಕ ಮಾಲಕ, ಹಿರಿಮಗಳು ಹೆಲೆನ್, ಬೇರೆ ಊರುಗಳಲ್ಲಿ ನೆಲೆಸಿದ ಇಬ್ಬರು ತಮ್ಮಂದಿರು. ತಂದೆಗೆ ಲಕ್ವ ಹೊಡೆದಾಗ ಹೆಲೆನ್ ತನ್ನ ಶಾಲೆಯ ನೌಕರಿ ಬಿಟ್ಟು ಬಂದು ಅವನ ಸೇವೆಯನ್ನೂ ಅಂಗಡಿಯನ್ನೂ ಹೊರುತ್ತಾಳೆ. ಇದು ಮೊದಲ ಸೀಸನ್. ಲಂಡನ್ನಿನಿಂದ ಬೆಂಗಳೂರಿನತನಕ ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ.

ಎರಡನೆಯ ಸೀಸನ್ ಬಂದಾಗ ಅದೇ ಜನ ತಿರುಗಿಬಿದ್ದರು. ಅದರಲ್ಲಿ ತಂದೆ ತೀರಿಕೊಳ್ಳುತ್ತಾನೆ, ತಮ್ಮಂದಿರು ಬಂದು ಮನೆ ಮಾರೋಣ ಅನ್ನುತ್ತಾರೆ, ಉಳಿದ ಕಂತುಗಳ ತುಂಬ ಅದರದೇ ಮಾತು. ಕೊನೆಗೆ ಹೆಲೆನ್ ಜಗಳವಾಡದೆ ಹೊರಟುಹೋಗುತ್ತಾಳೆ. ‘ಸಿಡಿಯದ ಪಟಾಕಿ’ ಅಂತ ಒಬ್ಬರು ಬರೆದರು. ಹೆಲೆನ್ ಹೆಂಗಸಲ್ಲ, ತಣ್ಣಗಿನ ಕಲ್ಲು ಅಂತ ಇನ್ನೊಬ್ಬರು. ಇದೆಲ್ಲ ನಾನು ಓದಿದ್ದು ಆಮೇಲೆ. ನಾನು ಆ ಸೀಸನ್ ನೋಡಿದ್ದು ನಿಲಂಗಾದಲ್ಲಿ, ಒಬ್ಬಳೇ ಅಲ್ಲ.

ನಿಲಂಗಾ ನಮ್ಮ ಲಾತೂರು ಜಿಲ್ಲೆಯದೇ ಊರು, ನನ್ನ ತಾಯಿಯ ತವರು. ಬಜಾರ ರಸ್ತೆಗೆ ಮುಖಮಾಡಿದ ಹಳೇ ವಾಡೆ, ಮುಂದೆ ಕಾಳಿನ ಅಂಗಡಿ. ಅಲ್ಲಿ ನನ್ನ ಸೋದರಮಾವಂದಿರಿಬ್ಬರು: ದೊಡ್ಡವರು ಮನ್ಮಥಪ್ಪ ಮಾಮಾ, ಸಣ್ಣವರು ಬಾಬುರಾವ ಮಾಮಾ. ಅವರೊಂದಿಗೆ ನನ್ನ ತಾಯಿಯ ತಂಗಿ ಗಂಗಾ ಮೌಶಿ. ಮೌಶಿಯ ಗಂಡ ಮದುವೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡದ್ದರಿಂದ ಅವಳು ತವರಿಗೆ ಮರಳಿದವಳು. ಹಾಸಿಗೆ ಹಿಡಿದ ನಮ್ಮ ಅಜ್ಜನನ್ನು ಕೊನೆಯತನಕ ಎತ್ತಿ ಇಳಿಸಿ ನೋಡಿಕೊಂಡವಳು ಅವಳೇ. ಅಜ್ಜ ಹೋದಮೇಲೂ ಆ ಮನೆಯ ಒಲೆ, ದೇವರ ಜಗುಲಿ, ಬರುವ ಹೋಗುವ ಮಂದಿ ಎಲ್ಲ ಅವಳ ಮೇಲೇ. ಅವಳ ಕಣ್ಣಿನ ಪೊರೆ ತೆಗೆಸಿದ್ದರು. ಔಷಧದ ಹನಿ ಹಾಕಲು ಜೊತೆಗಿರಬೇಕೆಂದು ನಾನು ಹೋಗಿದ್ದೆ.

ವಿಮರ್ಶೆ ಕಳಿಸುವ ಗಡುವು ಹತ್ತಿರ ಬಂದಿತ್ತು. ಪಡಸಾಲೆಯಲ್ಲಿ ಬಾಬುರಾವ ಮಾಮಾ ಹೊಸದಾಗಿ ತಂದ ದೊಡ್ಡ ಟೀವಿ ಇತ್ತು. ಮಧ್ಯಾಹ್ನ ಊಟವಾದಮೇಲೆ ಬೇಕರಿ ಸೀರಿಯಲ್ ಹಚ್ಚಿದೆ. ಮೌಶಿ ಡಾಕ್ಟರು ಕೊಟ್ಟ ಕರಿ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತಳು.

“ಏನಂತ ಅನ್ನಲತ್ತಾಳ ಆಕಿ? ನನಗೂ ಹೇಳು.”

ಮೊದಲ ಸೀಸನ್ನಿನ ಕಥೆ ಹೇಳಿದೆ. ಎರಡನೆಯದನ್ನು ಸಾಲು ಸಾಲಾಗಿ ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ. ಮರುದಿನ ಬಾಬುರಾವ ಮಾಮಾ ಬಂದು ಕೂತರು. ಅದರ ಮರುದಿನ ಮನ್ಮಥಪ್ಪ ಮಾಮಾ ಅಂಗಡಿಯಿಂದ ಎದ್ದು ಬಂದರು. ‘ಕುಳ್ಳ ತಮ್ಮ’, ‘ಟೈ ಕಟ್ಟಿದ ತಮ್ಮ’ ಅಂತ ಪಾತ್ರಗಳಿಗೆ ಹೆಸರಿಟ್ಟರು. ಡಾಕ್ಟರ ಮನೆಯಲ್ಲಿ ಕೂತು ಬರೆಯುತ್ತಿದ್ದ ದಿನಗಳು ಮರಳಿ ಬಂದಂತೆ ನನಗೆ ಖುಷಿಯಾಯಿತು.

ಕೊನೆಯ ಕಂತು. ಹೆಲೆನ್ ಒಂದೂ ಮಾತಾಡದೆ ಕೀಲಿಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು, ಬಾಗಿಲು ಎಳೆದುಕೊಂಡು ಹೋದಳು. ಬಸ್ಸಿನ ಕಿಟಕಿಯಲ್ಲಿ ಅವಳ ಮುಖ. ಮುಗಿಯಿತು. ‘ಮೌನವೇ ಅವಳ ಪ್ರತಿಭಟನೆ’ ಎನ್ನುವ ಸಾಲು ನನ್ನ ತಲೆಯಲ್ಲಿ ಆಗಲೇ ತಯಾರಾಗಿತ್ತು.

ಮನ್ಮಥಪ್ಪ ಮಾಮಾ ತಲೆದೂಗಿದರು. “ಶಾಣ್ಯಾಳ ಅದಾಳ. ಮನಿ ಮರ್ಯಾದಿ ಉಳಿಸಿದಳು.”

“ಖರೆ,” ಅಂದರು ಬಾಬುರಾವ ಮಾಮಾ. “ನಮ್ಮ ಕಡಿ ಸೀರಿಯಲ್ ಇದ್ದಿದ್ರ ಇಷ್ಟೊತ್ತಿಗೆ ಒಬ್ಬರ ಕಪಾಳಕ್ಕ ಬೀಳ್ತಿತ್ತು.”

ಮೌಶಿ ಕನ್ನಡಕ ತೆಗೆದಳು. “ಆಕಿ ಕೀಲಿ ಯಾಕ ಕೊಟ್ಟಳು?”

“ತಮ್ಮಂದಿರು ಕೇಳಿದ್ರಲ್ಲ ಮೌಶಿ,” ಅಂದೆ.

“ಕೇಳಿದ್ರ ಕೊಡಬೇಕೇನು? ಇಷ್ಟು ವರ್ಷ ಆ ಮನಿ ಬಾಗಿಲಾ ತಗದಾಕಿ ಯಾರು, ಹಾಕಿದಾಕಿ ಯಾರು?”

ಬಾಬುರಾವ ಮಾಮಾ ರಿಮೋಟಿಗೆ ಕೈಚಾಚಿದರು. “ಇನ್ನೊಮ್ಮೆ ಹಚ್ಚು,” ಅಂದಳು ಮೌಶಿ. ಮತ್ತೆ ಹಚ್ಚಿದೆ. ಮಾಮಾ ಇಬ್ಬರೂ ಎದ್ದು ಅಂಗಡಿಗೆ ಹೋದರು. ಮೌಶಿ ಹೆಲೆನ್‌ಳ ಕೈಯನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಕಣ್ಣಿಗೆ ಹನಿ ಹಾಕುವಾಗ, ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಸುನಂದಾ, ನಾ ಸಹಿ ಮಾಡೂದಿಲ್ಲ.”

ಆಗ ನನಗೆ ವಿಷಯ ತಿಳಿಯಿತು. ಮಾಮಂದಿರು ವಾಡೆ ಕೆಡವಿ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟುವವರಿದ್ದರು. ಮೌಶಿಯನ್ನು ಲಾತೂರಿನ ಫ್ಲ್ಯಾಟಿನಲ್ಲಿ, ಬಾಬುರಾವ ಮಾಮಾನ ಮಗನ ಮನೆಯಲ್ಲಿ ಇಡುವುದೆಂದು ತಾವೇ ಗೊತ್ತುಮಾಡಿದ್ದರು. ಅದಕ್ಕೆ ಅವಳಿಂದ ಹಕ್ಕಸೋಡ ಬೇಕಿತ್ತು. ಅಂದರೆ ತಂದೆಯ ಆಸ್ತಿಯಲ್ಲಿ ನನ್ನ ಹಕ್ಕು ಬಿಟ್ಟಿದ್ದೇನೆ ಎಂದು ಅಕ್ಕತಂಗಿಯರು ಸಹಿ ಮಾಡಿಕೊಡುವುದು. ನಮ್ಮ ಕಡೆ ಹೆಣ್ಣುಮಕ್ಕಳು ಅದನ್ನು ಅಣ್ಣತಮ್ಮಂದಿರಿಂದ ಸೀರೆ, ಕುಪ್ಪಸ ಪಡೆದು ನಗುತ್ತ ಮಾಡಿಬರುತ್ತಾರೆ. ನನ್ನ ತಾಯಿಯೂ ಹಾಗೇ ಮಾಡಿ ಬಂದವಳು. ಮೌಶಿಯನ್ನು ಅಂದು ಯಾರೂ ಕೇಳಿರಲಿಲ್ಲ. ಮನೆಯಲ್ಲೇ ಇರುವವಳಿಗೆ ಸಹಿ ಯಾಕೆ ಅಂದುಕೊಂಡಿದ್ದರು.

“ಹೂಂ ಅಂದಿದ್ದೆ,” ಅಂದಳು ಮೌಶಿ. “ನಿನ್ನೆ ಆಕಿ ಬಸ್ಸಿನ್ಯಾಗ ಕುಂತದ್ದು ನೋಡಿದೆ. ಆ ಬಸ್ಸು ಎಲ್ಲಿಗೆ ಹೋಗ್ತದ ಅಂತ ತೋರಿಸಿದ್ರೇನು?”

“ಇಲ್ಲ.”

“ತೋರ್ಸಂಗಿಲ್ಲ. ಲಾತೂರಿಗಿ ಹೋಗ್ತದ ಅದು.”

ನನಗೆ ನಗು ಬಂತು, ಅವಳಿಗೂ ಬಂತು. ಆಮೇಲೆ ಕೇಳಿದೆ. “ಮೌಶಿ, ಇದನ್ನ ಬರೀಲೇನು? ನಿನ್ನ ಸಹಿ ಮಾತು ಅಲ್ಲ. ನೀ ಕೀಲಿ ಬಗ್ಗೆ ಕೇಳಿದ್ದು.”

“ಬರೀ. ಹೆಸರು ಹಾಕಬ್ಯಾಡ. ಮಾತು ಮಾತ್ರ ಬಿಡಬ್ಯಾಡ.”

ಬರೆದೆ. ಈ ಸೀಸನ್ನನ್ನು ಸಪ್ಪೆ ಅನ್ನುವವರು ಇರಬಹುದು. ನಾನು ಕಂಡ ಒಂದು ಮನೆಯ ಗಂಡಸರು ಹೆಲೆನ್‌ಳನ್ನು ದೊಡ್ಡವಳು ಅಂದರು. ಅದೇ ಮನೆಯ ಹಿರಿಯ ಹೆಣ್ಣುಮಗಳು, ಕೀಲಿ ಯಾಕೆ ಕೊಟ್ಟಳು ಅಂತ ಕೇಳಿದಳು. ಒಂದೇ ದೃಶ್ಯ ಒಂದೇ ಪಡಸಾಲೆಯಲ್ಲಿ ಕೂತವರನ್ನು ಹೀಗೆ ಬೇರೆ ಮಾಡಬಲ್ಲುದಾದರೆ ಆ ಮಾಲಿಕೆಯನ್ನು ಸಪ್ಪೆ ಅನ್ನಲಾರೆ. ಆದರೆ ಹೆಲೆನ್ ಹೊರಟಿದ್ದನ್ನು ಮಾಲಿಕೆಯವರು ಚೆಲುವಾಗಿ ತೋರಿಸಿದ್ದಾರೆ. ಅಷ್ಟು ಚೆಲುವಾಗಿ ತೋರಿಸಬಾರದಿತ್ತು. ಇಷ್ಟು ನನ್ನ ವಾದ. ಸ್ಟಾರು ಕೊಡಲಿಲ್ಲ.

ಧನಶೆಟ್ಟಿ ಸರ್ ಫೋನು ಬಂತು. “ಮೇಡಂ, ಆ ಮನಿ ಸುದ್ದಿ ತಗದೀನಿ. ವಿಮರ್ಶಾದಾಗ ಮನಿಮಂದಿ ಮಾತು ಯಾಕ್ರೀ? ಎರಡು ಸ್ಟಾರ್ ಹಾಕ್ಲೇನು? ಎಲ್ಲರೂ ಎರಡೇ ಹಾಕ್ಯಾರ.”

“ಆ ಮನಿ ಮಾತೇ ವಿಮರ್ಶೆ ಸರ್. ಅದನ್ನ ತಗದ್ರ ಉಳದದ್ದೂ ತಗೀರಿ.”

“ಅಂಕಣದ ಜಾಗಾ ಖಾಲಿ ಬಿಡ್ಲೇನು?”

“ಬಿಡ್ರಿ.”

ನನ್ನ ನೌಕರಿಯಲ್ಲಿ ಮೊದಲ ಸಲ ನನ್ನ ಅಂಕಣ ಬರಲಿಲ್ಲ. ಆ ಜಾಗದಲ್ಲಿ ಗೊಬ್ಬರದ ಜಾಹೀರಾತು ಬಂತು. ಇನ್ನು ಮುಂದೆ ಬರುವುದೇ ಇಲ್ಲವೇನೋ ಅನಿಸಿತು. ಆದರೂ ಫೋನು ಮಾಡಿ ಕೇಳಲಿಲ್ಲ. ಮುಂದಿನ ವಾರ ಅವರೇ ಮಾಡಿದರು.

“ನಿನ್ನೆ ಆ ಕೊನೀ ಕಂತು ನೋಡಿದೆ ಮೇಡಂ. ಶ್ರೀಮತಿಯವರೂ ಜೋಡಿ ಕುಂತಿದ್ರು. ‘ಭಾಳ ಗಂಭೀರ ಹೆಣ್ಣುಮಗಳು’ ಅಂತ ನಾ ಅಂದೆ. ಆವಾಗಿಂದ ನಮ್ಮ ಮನ್ಯಾಗ ನನ್ನ ಜೋಡಿ ಮಾತಿಲ್ಲ.” ಆಮೇಲೆ, “ಪೂರಾ ಹಾಕ್ತೀನಿ. ಸ್ಟಾರ್ ಬಿಟ್ಟು,” ಅಂದರು.

ನಿಲಂಗಾದಲ್ಲಿ ಆ ಪತ್ರಿಕೆ ತರಿಸುವವರು ಕೆಲವೇ ಮಂದಿ ಹಳೇ ವ್ಯಾಪಾರಸ್ಥರು. ಅವರಲ್ಲಿ ಮನ್ಮಥಪ್ಪ ಮಾಮಾ ಒಬ್ಬರು. ಓದಿದವರು ನನಗೆ ಫೋನು ಮಾಡಲಿಲ್ಲ, ಸೀದಾ ಕಲಬುರಗಿ ಬಸ್ಸು ಹತ್ತಿ ಕಚೇರಿಗೆ ಹೋದರು. ವಿಷಾದದ ನಾಲ್ಕು ಸಾಲು ಹಾಕಬೇಕೆಂದು ಧನಶೆಟ್ಟಿ ಸರ್ ಮುಂದೆ ಪಟ್ಟು ಹಿಡಿದು ಕೂತರಂತೆ. ಸರ್ ಅಲ್ಲಿಂದಲೇ ನನಗೆ ಫೋನು ಹಚ್ಚಿದರು. “ಹಿರಿಯರು ನೊಂದಾರ. ಎರಡು ಸಾಲು ಬರದು ಮುಗಿಸೋಣೇನು?”

“ಅದ್ರಾಗ ಸುಳ್ಳು ಯಾವುದು ಅಂತ ಮಾಮಾಗ ಕೇಳ್ರಿ. ಸುಳ್ಳಿದ್ರ ನಾಲ್ಕಲ್ಲ, ನಲವತ್ತು ಸಾಲು ಬರೀತೀನಿ. ಇಲ್ಲಂದ್ರ ಒಂದೂ ಇಲ್ಲ.”

ಸರ್ ಫೋನು ಇಡಲಿಲ್ಲ. ಅವರು ಮಾಮಾಗೆ ಹೇಳಿದ್ದು ನನಗೆ ಕೇಳಿಸಿತು. “ಇದ್ರಾಗ ಊರಿಲ್ಲ, ಹೆಸರಿಲ್ಲ, ಯಜಮಾನ್ರ. ಇದು ನಮ್ಮ ಮನೀನೇ ಅಂತ ನೀವೇ ಹೇಳಲತ್ತೀರಿ. ಹಾಂಗ ಯಾಕ ಅನಸ್ತು ಅಂತ ಮನಿಗಿ ಹೋಗಿ ವಿಚಾರ ಮಾಡ್ರಿ.” ಮೇಲಧಿಕಾರಿಗಳ ಬಗ್ಗೆ ಕಹಿ ನೆನಪು ನನ್ನಲ್ಲಿ ಸಾಕಷ್ಟಿದೆ. ಆದರೆ ಧನಶೆಟ್ಟಿ ಸರ್ ಅಂದಾಗ ಮೊದಲು ನೆನಪಾಗುವುದು ಈ ಮಾತು.

ಮೌಶಿ ಸಹಿ ಮಾಡುವುದಿಲ್ಲ ಅಂದದ್ದನ್ನು ಮಾಮಂದಿರು ನಂಬಲಿಲ್ಲ. ಸಮಾಜದ ಹಿರಿಯರಿಬ್ಬರನ್ನು ಜೊತೆಗಿಟ್ಟುಕೊಂಡು ರಜಿಸ್ಟ್ರಿ ಕಚೇರಿಗೆ ಕರೆದರೆ ನಾಲ್ಕು ಜನರೆದುರು ಇಲ್ಲ ಅನ್ನಲಾರಳು ಎನ್ನುವ ಲೆಕ್ಕ. ಮೌಶಿ ಮನೆಯಲ್ಲೇ ಕೂತು ಇಲ್ಲ ಅನ್ನಬಹುದಿತ್ತು. “ಬರ್ತೀನಿ” ಅಂದಳು. ನನ್ನನ್ನೂ ಕರೆಸಿಕೊಂಡಳು. ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆ ಉಟ್ಟು, ಕರಿ ಕನ್ನಡಕ ಹಾಕಿಕೊಂಡು ಕಚೇರಿಯ ಮೆಟ್ಟಿಲು ಹತ್ತಿದಳು.

ಗುಮಾಸ್ತ ಕಾಗದ ಮುಂದಿಟ್ಟು ಬೆರಳು ತೋರಿಸಿದ. “ಆಜೀ, ಇಥೆ ಸಹೀ ಕರಾ.”

ಮೌಶಿ ಅವನ ಮರಾಠಿಯಲ್ಲೇ ಉತ್ತರಿಸಿದಳು. “ಮೀ ಸಹೀ ಕರಣಾರ ನಾಹೀ. ಮಾಝಾ ವಾಟಾ ಮಲಾ ಪಾಹಿಜೆ.” ನಾನು ಸಹಿ ಮಾಡುವುದಿಲ್ಲ, ನನ್ನ ಪಾಲು ನನಗೆ ಬೇಕು. ಆಮೇಲೆ ಅಣ್ಣಂದಿರ ಕಡೆ ತಿರುಗಿ ಕನ್ನಡದಲ್ಲಿ ಅಂದಳು: “ಕಾಂಪ್ಲೆಕ್ಸ್ ಕಟ್ಟಿಸ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮೂರು ಪಾಲು ಮಾಡ್ರಿ. ನನ್ನ ಪಾಲಿನ್ಯಾಗ ನಾ ಇರ್ತೀನಿ.”

ಹಿರಿಯರಲ್ಲಿ ಒಬ್ಬರು, “ಗಂಗವ್ವ, ತವರು ದೂರ ಆಗ್ತದ ನೋಡು,” ಅಂದರು.

“ದೂರ ಕಳಸ್ಲಿಕ್ಕೇ ಕರಕೊಂಡು ಬಂದಾರಲ್ರೀ,” ಅಂದಳು ಮೌಶಿ.

ಮೆಟ್ಟಿಲ ಮೇಲೆ ಮನ್ಮಥಪ್ಪ ಮಾಮಾ ನನ್ನನ್ನು ತಡೆದರು. ಮುಖ ಕೆಂಪೇರಿತ್ತು. “ನಿಮ್ಮವ್ವ ಮರ್ಯಾದಿಲೆ ಸಹಿ ಮಾಡಿ ಹೋದಳು. ನೀ ಮೌಶೀನ ಮುಂದ ಮಾಡಿ ನಿಮ್ಮವ್ವನ ಪಾಲು ಹೊಳ್ಳಿ ಕೇಳಲತ್ತೀ. ನಿನ್ನ ಲಂಡನ್ ಸೀರಿಯಲ್ ನಮ್ಮ ಮನಿ ಒಡೀತು.”

ಮಾಮಾ ನನ್ನನ್ನು ಎತ್ತಿ ಆಡಿಸಿದವರು. “ಅವ್ವನ ಸಹಿ ಅವ್ವಂದು ಮಾಮಾ. ನನಗ ಒಂದು ಇಟ್ಟಂಗಿ ಬ್ಯಾಡ, ಬೇಕಾದ್ರ ಈಗೇ ಒಳಗ ಹೋಗಿ ಬರದುಕೊಡ್ತೀನಿ. ಮೌಶಿದು ಮೌಶಿಗಿ ಕೊಡ್ರಿ.” ಅವರು ಮೆಟ್ಟಿಲಿಳಿದು ಹೋದರು.

ಆಮೇಲೆ ಬಹಳ ದಿನ ಮನೆಯಲ್ಲಿ ಮಾತು ನಿಂತಿತು. ಒಂದೇ ಒಲೆ ಎರಡಾಯಿತು. ಬಾಬುರಾವ ಮಾಮಾ ಮೊದಲು ಬಾಗಿದರು. ವಕೀಲರೂ ಅವಳ ಹಕ್ಕು ತಪ್ಪಿಸಲು ಬರುವುದಿಲ್ಲ ಅಂದಿದ್ದರು. ಕೊನೆಗೆ ಮೂರು ಪಾಲಾಯಿತು. ರಸ್ತೆಯ ಕಡೆ ಕಾಂಪ್ಲೆಕ್ಸ್ ಎದ್ದಿತು. ಹಿಂದಿನ ಭಾಗ, ಅಡುಗೆಮನೆ ಮತ್ತು ಪಡಸಾಲೆ, ಮೌಶಿಗೆ ಬಂತು. ಹಿತ್ತಲಿನ ಓಣಿಗೆ ಹೊಸದಾಗಿ ಬಾಗಿಲು ಇಡಿಸಿಕೊಂಡಳು.

ಇಷ್ಟರಲ್ಲಿ ಬೇಕರಿ ಸೀರಿಯಲ್ಲಿನ ಮೂರನೆಯ ಸೀಸನ್ ಬಂತು. ಹೆಲೆನ್ ಕ್ರಿಸ್‌ಮಸ್ಸಿಗೆ ಮರಳಿ ಬರುತ್ತಾಳೆ. ತಮ್ಮಂದಿರು ತಬ್ಬಿಕೊಳ್ಳುತ್ತಾರೆ, ಎಲ್ಲರೂ ಅಳುತ್ತಾರೆ, ಹಿಮ ಬೀಳುತ್ತದೆ. ಹಳೆಯದರ ಬಗ್ಗೆ ಯಾರೂ ತುಟಿಬಿಚ್ಚುವುದಿಲ್ಲ. ವಿಮರ್ಶಕರು ಕಣ್ಣೊರೆಸಿಕೊಂಡು ಬರೆದರು, ಐದು ಸ್ಟಾರು ಸುರಿದವು. ನಾನು ಮೌಶಿಯ ಪಡಸಾಲೆಯಲ್ಲಿ ಕೂತೇ ನೋಡಿ, ಎರಡನೆಯ ಸೀಸನ್ನಿಗೆ ಬಿದ್ದ ಬೈಗುಳಕ್ಕೆ ಹೆದರಿ ಕಟ್ಟಿದ ಕಥೆಯಿದು ಎಂದು ಬರೆದೆ. ತಮ್ಮಂದಿರು ಅವಳನ್ನು ತಬ್ಬಿಕೊಂಡರು, ಆದರೆ ಅವಳಿಗೆ ಹೇಳಬೇಕಾದ ಒಂದು ಮಾತನ್ನು ಹೇಳಲಿಲ್ಲ. ಆ ಮಾತು ಹೇಳಿಸುವ ಧೈರ್ಯ ಬರೆದವರಿಗೆ ಇರಲಿಲ್ಲ. ಧನಶೆಟ್ಟಿ ಸರ್ ಒಂದಕ್ಷರ ಮುಟ್ಟದೆ ಹಾಕಿದರು. ಅಷ್ಟೊಂದು ಬೈಗುಳದ ಪತ್ರ ನನಗೆ ಇನ್ನಾವ ಅಂಕಣಕ್ಕೂ ಬರಲಿಲ್ಲ. ಅದಾದ ಸ್ವಲ್ಪ ದಿನಕ್ಕೇ ನಿವೃತ್ತಳಾದೆ.

ಹೊಸದಾಗಿ ಬಂದ ಹುಡುಗಿಗೆ ಇಷ್ಟು ಹೇಳುತ್ತೇನೆ. ಜಗತ್ತೆಲ್ಲ ಒಂದೇ ಮಾತು ಅನ್ನುವಾಗ ಬೇರೆ ಮಾತು ಬರೆಯಲೇಬೇಕೆಂದಿಲ್ಲ. ಅವರಂದದ್ದೇ ನಿನಗೂ ಅನಿಸಿದರೆ ಅದನ್ನೇ ಬರಿ. ಆದರೆ ನೋಡಿ ಬರಿ. ಒಬ್ಬಳೇ ನೋಡಬೇಡ, ನಾಲ್ಕು ಜನರ ನಡುವೆ ಕೂತು ನೋಡು. ಬರೆದಮೇಲೆ ಹಿಂದೆ ಸರಿಯಬೇಡ, ಎದುರು ನಿಂತವರು ನಿನ್ನ ಮಾಮಾ ಆದರೂ ಸರಿ.

ಕಳೆದ ಶ್ರಾವಣದಲ್ಲಿ ಮೌಶಿಯ ಮನೆಗೆ ಹೋಗಿದ್ದೆ. ನಾವಿಬ್ಬರೂ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದೆವು. ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮನ್ಮಥಪ್ಪ ಮಾಮಾ. ರಜಿಸ್ಟ್ರಿ ಕಚೇರಿಯ ಆ ದಿನದಿಂದ ತಂಗಿಯ ಕೂಡ ಮಾತು ಬಿಟ್ಟವರು, ಕೋಲೂರಿಕೊಂಡು ಹೊಸ್ತಿಲ ಹೊರಗೆ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

“ಒಂದು ಕಪ್ಪು ಚಾ ಹಾಕು ಗಂಗಾ,” ಅಂದರು, ನಡುವೆ ಏನೂ ಆಗೇ ಇಲ್ಲವೆನ್ನುವಂತೆ.

ಮೌಶಿ ಮೊರ ಕೆಳಗಿಟ್ಟಳು, ಏಳಲಿಲ್ಲ. “ಹಾಕ್ತೀನಿ ಅಣ್ಣ. ಯಾರ ಮನಿಗಿ ಬಂದೀದಿ ಅಂತ ಒಮ್ಮೆ ಬಾಯಿಲೆ ಅನ್ನು.”

ಮಾಮಾ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ತಿರುಗಿ ಹೋಗುತ್ತಾರೆ ಅಂದುಕೊಂಡೆ. ಮೌಶಿಯ ಮುಖ ಗಟ್ಟಿಯಾಗಿತ್ತು.

ಅವರು ಚಪ್ಪಲಿ ಬಿಟ್ಟರು. ಬೀಗರ ಮನೆಗೆ ಹೋದಾಗ ಮಾಡುವಂತೆ ತಲೆಯ ರುಮಾಲು ಸರಿಮಾಡಿಕೊಂಡರು.

“ನಿನ್ನ ಮನಿಗಿ ಬಂದೀನವ್ವ,” ಅಂದರು. “ಒಳಗ ಬರ್ಲೇನು?”

“ಬಾ ಅಣ್ಣ,” ಅಂತ ಮೌಶಿ ಎದ್ದು, ಚಾಕ್ಕೆ ನೀರಿಡಲು ಒಳಗೆ ಹೋದಳು.